ಅಪನಂಬಿಕೆ ಸೂಚಕ ಪದಗಳು: ಕನ್ನಡದ ಅರ್ಥಛಾಯೆಗಳು ಮತ್ತು ಹಾಸನ ಸೀಮೆಯ ಬಳಕೆ

ಅಪನಂಬಿಕೆ ಸೂಚಕ ಪದಗಳು ಎಂದರೆ ಒಬ್ಬ ವ್ಯಕ್ತಿಯನ್ನೋ ಒಂದು ಮಾತನ್ನೋ ಒಂದು ಸಂಸ್ಥೆಯನ್ನೋ ಪೂರ್ತಿಯಾಗಿ ನಂಬಲಾಗದ ಮನಃಸ್ಥಿತಿಯನ್ನು ಹೇಳುವ ಪದಗಳ ಗುಂಪು. ಅನುಮಾನ, ಸಂಶಯ, ಸಂದೇಹ, ಶಂಕೆ, ಗುಮಾನಿ, ಅಪನಂಬಿಕೆ, ಅವಿಶ್ವಾಸ ಇವು ಕನ್ನಡದಲ್ಲಿ ಈ ಗುಂಪಿನ ಮುಖ್ಯ ಪದಗಳು. ಸಂದೇಹವಾದ, ಸಿನಿಕತನ, ಡೌಟು ಇವು ಇಂಗ್ಲಿಷಿನ ಒಡನಾಟದಿಂದ ಈಚೆಗೆ ಸೇರಿಕೊಂಡವು. ಮೊದಲ ಐದನ್ನು ಒಂದಕ್ಕೊಂದು ಪರ್ಯಾಯವೆಂದು ಕೊಡುವುದು ನಿಘಂಟುಗಳ ವಾಡಿಕೆ. ಆದರೆ ಬಳಕೆಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದು ಕಡಿಮೆ. ಪೊಲೀಸರು ಹಿಡಿಯುವುದು ಶಂಕಿತನನ್ನು. ಶಾಸನಸಭೆಯಲ್ಲಿ ಮಂಡನೆಯಾಗುವುದು ಅವಿಶ್ವಾಸ ನಿರ್ಣಯ. ಮೇಷ್ಟರು ತರಗತಿಯಲ್ಲಿ ಬಗೆಹರಿಸುವುದು ಮಕ್ಕಳ ಸಂದೇಹ. ಊರಿನವರು ಪಕ್ಕದ ಮನೆಯವನ ಮೇಲೆ ಪಡುವುದು ಅನುಮಾನ. ಇವುಗಳನ್ನು ಅದಲುಬದಲು ಮಾಡಿದರೆ ವಾಕ್ಯ ವ್ಯಾಕರಣಕ್ಕೆ ಸರಿಯಿದ್ದರೂ ಕಿವಿಗೆ ಸೇರುವುದಿಲ್ಲ.

ಈ ಲೇಖನದ ಉದಾಹರಣೆಗಳನ್ನು ಹೆಚ್ಚಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಿಂದ ತೆಗೆದುಕೊಳ್ಳಲಾಗಿದೆ. ಜೈನ ತರ್ಕದ ಹಳೆಯ ನೆಲೆಯಾದ ಶ್ರವಣಬೆಳಗೊಳ, ವಿಶ್ವಾಸಮತ ಕೋರಿ ಸೋತ ಎಚ್.ಡಿ. ದೇವೇಗೌಡ ಮತ್ತು ಅವರ ಮಗನ ಮನೆತನದ ಊರಾದ ಹರದನಹಳ್ಳಿ, ಆಲೂಗೆಡ್ಡೆ, ಹೊಗೆಸೊಪ್ಪು, ಹಾಲು ಮತ್ತು ಜಾನುವಾರುಗಳ ವ್ಯಾಪಾರ ಎಲ್ಲವೂ ಈ ಸೀಮೆಯಲ್ಲೇ ಇರುವುದರಿಂದ ಗುಂಪಿನ ಬಹುತೇಕ ಪದಗಳು ಇಲ್ಲಿ ಜೀವಂತವಾಗಿ ಕೇಳಸಿಗುತ್ತವೆ.

ಮೂಲ

ನಂಬು ಎಂಬುದು ದ್ರಾವಿಡ ಧಾತು. ತಮಿಳಿನಲ್ಲಿ ನಂಬು, ತೆಲುಗಿನಲ್ಲಿ ನಮ್ಮು ಎಂಬ ರೂಪಗಳಿವೆ. ಹಳಗನ್ನಡದಲ್ಲಿ ಇದರ ಜೊತೆಗೆ ನಚ್ಚು ಎಂಬ ಇನ್ನೊಂದು ಮಾತಿತ್ತು. ಅದು ಇಂದು ‘ನೆಚ್ಚಿನ ನಟ’, ‘ಮಳೆ ನೆಚ್ಚಿಕೊಂಡ ಬೇಸಾಯ’ ಎಂಬಂಥ ಕಡೆ ಮಾತ್ರ ಉಳಿದಿದೆ. ನಂಬುವುದಕ್ಕೆ ಹೀಗೆ ಸ್ವಂತ ಪದಗಳಿದ್ದರೂ ನಂಬದಿರುವುದನ್ನು ಕನ್ನಡ ಮುಖ್ಯವಾಗಿ ನಿಷೇಧದಿಂದ ಹೇಳುತ್ತದೆ: ನಂಬಲಿಲ್ಲ, ನಂಬಿಕೆ ಇಲ್ಲ, ನಂಬೋ ಹಾಗಿಲ್ಲ. ಆ ಭಾವಕ್ಕೆ ನಾಮಪದ ಬೇಕಾದಾಗ ಭಾಷೆ ಹೆಚ್ಚಾಗಿ ಸಂಸ್ಕೃತದ ಕಡೆ ಕೈಚಾಚಿದೆ.

ಹಾಗೆ ಬಂದ ಪದಗಳಲ್ಲಿ ಅತಿ ದೂರ ಸಾಗಿದ್ದು ಅನುಮಾನ. ನ್ಯಾಯದರ್ಶನದಲ್ಲಿ ಅನುಮಾನ ಒಂದು ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವ ಸರಿಯಾದ ಜ್ಞಾನದ ದಾರಿ. ಕನ್ನಡದ ಆಡುಮಾತಿನಲ್ಲಿ ಅದೇ ಪದ ಖಚಿತವಲ್ಲದ್ದಕ್ಕೆ ಹೆಸರಾಯಿತು. ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅಂಶ ಮಾತ್ರ ಎರಡರಲ್ಲೂ ಉಳಿದಿದೆ. ಸಂಶಯ ಪದದ ಹಿಂದೆ ಮಲಗು ಎಂಬ ಅರ್ಥದ ‘ಶೀ’ ಧಾತುವೂ, ಸಂದೇಹದ ಹಿಂದೆ ಬಳಿ, ಮೆತ್ತು ಎಂಬ ಅರ್ಥದ ‘ದಿಹ್’ ಧಾತುವೂ ಇವೆ. ಶಂಕೆಯ ಧಾತುವಿನಲ್ಲಿ ಸಂಶಯದ ಜೊತೆಗೆ ಭಯವೂ ಸೇರಿಕೊಂಡಿದೆ, ಆ ಭಯದ ಎಳೆ ಕನ್ನಡದಲ್ಲೂ ಕಡಿದಿಲ್ಲ. ಶಕಾರ ಸಕಾರವಾಗುವ ತದ್ಭವ ನಿಯಮದಂತೆ ಹಳೆಯ ಕಾವ್ಯಗಳಲ್ಲಿ ಸಂಕೆ ಎಂಬ ರೂಪ ಸಿಗುತ್ತದೆ.

ಗುಮಾನಿ ಪಾರಸಿಯ ‘ಗುಮಾನ್’ ಪದದಿಂದ ಬಂದದ್ದು. ಬಿಜಾಪುರದ ಆದಿಲ್‌ಶಾಹಿ, ಶಿರಾದ ಮೊಗಲ್ ಆಡಳಿತ, ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲಗಳಲ್ಲಿ ಕಂದಾಯ ಮತ್ತು ದಂಡಿನ ಮಾತುಗಳು ಕನ್ನಡಕ್ಕೆ ಹೇರಳವಾಗಿ ಇಳಿದವು. ಜಮೀನು, ದಾಖಲೆ, ಹುಷಾರು ಇದೇ ಸಾಲಿನವು. ಡೌಟು ಇಂಗ್ಲಿಷಿನಿಂದ ಬಂದು ಕನ್ನಡದ ಉಕಾರ ಹೊತ್ತುಕೊಂಡಿದೆ.

ಜೈನ ಶಾಸ್ತ್ರದಲ್ಲಿ

ಅಪನಂಬಿಕೆಯ ಪದಗಳನ್ನು ಬಿಡಿಬಿಡಿಯಾಗಿ ನಿರ್ವಚಿಸಿದ ಹಳೆಯ ಪರಂಪರೆಗಳಲ್ಲಿ ಜೈನ ತರ್ಕ ಮುಖ್ಯವಾದುದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ, ಸುಮಾರು ಕ್ರಿ.ಶ. 981ರಲ್ಲಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸುವ ಮೊದಲಿನಿಂದಲೂ, ಈ ವಿದ್ಯೆಯ ನೆಲೆ.

ಜೈನ ತರ್ಕ ಅಪ್ರಮಾಣ ಜ್ಞಾನವನ್ನು ಸಂಶಯ, ವಿಪರ್ಯಯ, ಅನಧ್ಯವಸಾಯ ಎಂದು ಮೂರಾಗಿ ಒಡೆಯುತ್ತದೆ. ಮಬ್ಬುಗತ್ತಲಲ್ಲಿ ದೂರದ ಆಕಾರ ಕಂಡು ಅದು ಮೋಟುಮರವೋ ಮನುಷ್ಯನೋ ಎಂದು ಎರಡರ ನಡುವೆ ತೂಗಾಡುವುದು ಸಂಶಯ. ಚಿಪ್ಪನ್ನು ಬೆಳ್ಳಿಯೆಂದೇ ನಿಶ್ಚಯಿಸುವುದು ವಿಪರ್ಯಯ. ನಡೆಯುವಾಗ ಕಾಲಿಗೆ ಹುಲ್ಲು ತಗುಲಿ, ಏನೋ ತಗುಲಿತು ಎಂದಷ್ಟೇ ತಿಳಿದು ಮುಂದಕ್ಕೆ ವಿಚಾರಿಸದಿರುವುದು ಅನಧ್ಯವಸಾಯ. ಸಂಶಯಕ್ಕೆ ಕನಿಷ್ಠ ಎರಡು ಪಕ್ಷ ಇರಬೇಕು ಎಂಬ ಇಲ್ಲಿನ ನಿಯಮ ಇಂದಿನ ಕನ್ನಡದ ‘ಸಂಶಯ’ಕ್ಕೂ ಬಹುಮಟ್ಟಿಗೆ ಹೊಂದುತ್ತದೆ.

ಶಂಕೆಗೆ ಈ ಶಾಸ್ತ್ರದಲ್ಲಿ ಬೇರೆಯೇ ಸ್ಥಾನವಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಸಮ್ಯಗ್ದರ್ಶನಕ್ಕೆ (ಸರಿಯಾದ ಶ್ರದ್ಧೆಗೆ) ತಗುಲುವ ಐದು ಅತಿಚಾರಗಳಲ್ಲಿ (ದೋಷಗಳಲ್ಲಿ) ಶಂಕೆಯನ್ನು ಮೊದಲನೆಯದಾಗಿ ಎಣಿಸುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಃಶಂಕಿತ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಆ ಅಂಗಕ್ಕೆ ಮಾದರಿಯಾಗಿ ಹೆಸರಿಸುವುದು ಅಂಜನಚೋರನನ್ನು. ಎಲ್ಲರೂ ಶಂಕಿಸುವ ಕಳ್ಳನೇ ಶಂಕೆಯಿಲ್ಲದ ಮನಸ್ಸಿಗೆ ಉದಾಹರಣೆಯಾಗಿರುವುದು ಗಮನಾರ್ಹ. ಒಟ್ಟಿನಲ್ಲಿ ಇಲ್ಲಿ ಸಂಶಯ ಅರಿವಿನ ದೋಷ, ಶಂಕೆ ಶ್ರದ್ಧೆಯ ದೋಷ. ಭಗವದ್ಗೀತೆಯ 4ನೇ ಅಧ್ಯಾಯ ಬಳಸುವ ‘ಸಂಶಯಾತ್ಮ’ ಎಂಬ ಪದದಲ್ಲಿ ಈ ಗೆರೆ ಅಳಿಸಿಹೋಗಿದೆ. ಅಲ್ಲಿ ಸಂಶಯವೇ ಶ್ರದ್ಧೆಯ ಕೊರತೆಗೆ ಹೆಸರು.

ಅಲಂಕಾರಶಾಸ್ತ್ರವೂ ಇಂಥದೇ ಭೇದವನ್ನು ಬಲ್ಲದು. ಉಪಮೇಯವೋ ಉಪಮಾನವೋ ಎಂಬ ತೂಗಾಟ ಉಳಿದರೆ ಸಂದೇಹಾಲಂಕಾರ, ಒಂದನ್ನು ಇನ್ನೊಂದೆಂದೇ ತಿಳಿದುಬಿಟ್ಟರೆ ಭ್ರಾಂತಿಮದಲಂಕಾರ.

ರಚನೆ

ಈ ಪದಗಳ ಅರ್ಥವನ್ನು ಹಿಡಿಯಲು ಅವು ಯಾವ ವಿಭಕ್ತಿ, ಯಾವ ಕ್ರಿಯಾಪದದೊಂದಿಗೆ ಬರುತ್ತವೆ ಎಂಬುದು ನಿಘಂಟಿನ ಅರ್ಥಕ್ಕಿಂತ ಹೆಚ್ಚು ನೆರವಿಗೆ ಬರುತ್ತದೆ.

‘ನನಗೆ ಅವನ ಮೇಲೆ ಅನುಮಾನ’ ಎಂಬ ವಾಕ್ಯದಲ್ಲಿ ಅನುಮಾನ ಪಡುವವನು ಚತುರ್ಥಿಯಲ್ಲಿದ್ದಾನೆ. ಹಸಿವು, ನಿದ್ದೆ, ಕೋಪದಂತೆ ಅನುಮಾನವೂ ಮನುಷ್ಯನಿಗೆ ‘ಬರುತ್ತದೆ’. ಅವನು ಅದನ್ನು ಮಾಡುವುದಿಲ್ಲ. ‘ಮೇಲೆ’ ಎಂಬುದು ವ್ಯಕ್ತಿಯನ್ನು ಗುರಿಯಾಗಿಸುತ್ತದೆ, ‘ಬಗ್ಗೆ’ ಎಂಬುದು ವಿಷಯವನ್ನು. ಅನುಮಾನ ಎರಡಕ್ಕೂ ಒಗ್ಗುತ್ತದೆ. ಸಂದೇಹ ‘ಬಗ್ಗೆ’ಯ ಜೊತೆ ಹೆಚ್ಚು ಸಲೀಸು, ‘ಅವನ ಮೇಲೆ ಸಂದೇಹ’ ಎಂದರೆ ಪುಸ್ತಕದ ಭಾಷೆಯಾಗುತ್ತದೆ. ಗುಮಾನಿ ಬಹುತೇಕ ‘ಮೇಲೆ’ಗೇ ಮೀಸಲು. ಅಪನಂಬಿಕೆ ಸಪ್ತಮಿಯಲ್ಲೂ ಬರುತ್ತದೆ: ವ್ಯವಸ್ಥೆಯಲ್ಲಿ ಅಪನಂಬಿಕೆ.

ಕ್ರಿಯಾಪದವಾದಾಗ ಅರ್ಥ ಇನ್ನಷ್ಟು ಜರುಗುತ್ತದೆ. ಶಂಕಿಸು, ಸಂದೇಹಿಸು, ಸಂಶಯಪಡು ಮೂಲಾರ್ಥದಲ್ಲೇ ಉಳಿದರೆ ‘ಅನುಮಾನಿಸು’ ಹಿಂಜರಿಯುವುದಕ್ಕೂ ಬಳಕೆಯಾಗುತ್ತದೆ. ‘ಸಾಲ ಕೇಳೋಕೆ ಅನುಮಾನಿಸಿದ’ ಎಂದರೆ ಅವನಿಗೆ ಯಾರ ಮೇಲೂ ಶಂಕೆಯಿರಲಿಲ್ಲ, ಬಾಯಿ ಬರಲಿಲ್ಲ ಅಷ್ಟೆ.

ಅಪನಂಬಿಕೆ ಮಿಶ್ರ ರಚನೆ. ‘ಅಪ’ ಸಂಸ್ಕೃತದ ಉಪಸರ್ಗ, ‘ನಂಬಿಕೆ’ ಅಚ್ಚಗನ್ನಡ. ಕನ್ನಡ–ಸಂಸ್ಕೃತಗಳ ಬೆರಕೆಯನ್ನು ಅರಿಸಮಾಸವೆಂದು ದೂರವಿಡುವ ವೈಯಾಕರಣರ ಕಟ್ಟುನಿಟ್ಟಿಗೆ ಇದು ಒಗ್ಗದಿದ್ದರೂ ಜನ ಒಪ್ಪಿದ್ದಾರೆ. ನಂಬಿಕಸ್ತ ಎಂಬುದು ಇನ್ನೊಂದು ಬಗೆಯ ಬೆರಕೆ. ಅವಿಶ್ವಾಸ ಪೂರ್ತಿ ಸಂಸ್ಕೃತವಾದರೂ ಅದಕ್ಕೊಂದು ತೊಡಕಿದೆ: ಕನ್ನಡದಲ್ಲಿ ವಿಶ್ವಾಸ ಎಂದರೆ ನಂಬಿಕೆಯಷ್ಟೇ ಪ್ರೀತಿ, ಸ್ನೇಹ. ‘ವಿಶ್ವಾಸದಿಂದ ಮಾತಾಡಿಸಿದರು’ ಎಂಬಲ್ಲಿನ ವಿಶ್ವಾಸಕ್ಕೆ ಅವಿಶ್ವಾಸ ವಿರುದ್ಧಪದವಲ್ಲ. ಆದ್ದರಿಂದಲೇ ಅವಿಶ್ವಾಸ ಮನೆಮಾತಿನಿಂದ ದೂರ ಸರಿದು ಸಭೆ, ಕಡತಗಳಲ್ಲಿ ನೆಲೆಸಿದೆ.

ನಾಮಪದವೇ ಇಲ್ಲದೆ ಅಪನಂಬಿಕೆ ಸೂಚಿಸುವ ದಾರಿಗಳೂ ಕನ್ನಡದಲ್ಲಿ ಸಮೃದ್ಧವಾಗಿವೆ. ಮೊದಲನೆಯದು ‘ಅಂತೆ’. ‘ಬಂದಿದ್ದ’ ಎಂದವನು ಆ ಮಾತಿಗೆ ಹೊಣೆ. ‘ಬಂದಿದ್ದನಂತೆ’ ಎಂದವನು ಹೊಣೆಯನ್ನು ತನಗೆ ಹೇಳಿದವನ ಹೆಗಲಿಗೆ ದಾಟಿಸಿದ್ದಾನೆ. ಧ್ವನಿ ಕೊಂಚ ಎಳೆದರೆ ಅದೇ ‘ಅಂತೆ’ ನಾನಂತೂ ನಂಬಿಲ್ಲ ಎಂದೂ ಹೇಳುತ್ತದೆ. ‘ಅಂತೆ ಕಂತೆ’ ಎಂಬ ಜೋಡಿಪದ ಬೆಲೆಯಿಲ್ಲದ ಸುದ್ದಿಗೆ ಹೆಸರಾಗಿರುವುದು ಈ ಪ್ರತ್ಯಯದ ದೆಸೆಯಿಂದ. ಎರಡನೆಯದು ‘ಓ’ಕಾರ: ಬಂದನೋ ಏನೋ, ಯಾಕೋ ಸರಿ ಕಾಣ್ತಿಲ್ಲ, ಏನೋ ಐತೆ. ಮೂರನೆಯದು ಸಂಭಾವನಾರ್ಥಕ ಕ್ರಿಯಾಪದ. ಕ್ರಿಯೆ ನಡೆಯುವುದರಲ್ಲಿ ಸಂಶಯ ಅಥವಾ ಊಹೆ ತೋರುವ ರೂಪವೆಂದೇ ಶಾಲಾ ವ್ಯಾಕರಣ ಇದನ್ನು ವಿವರಿಸುತ್ತದೆ: ಬಂದಾನು, ಕೊಟ್ಟಾಳು, ಮಳೆ ಬಂದೀತು. ಎರಡನೇ ಪುರುಷದಲ್ಲಿ ಈ ರೂಪ ಎಚ್ಚರಿಕೆಯ ಮಾತಾಗುತ್ತದೆ: ಬಿದ್ದೀಯೆ, ಜೋಕೆ. ಭಾಷೆಯ ಈ ಭಾಗವನ್ನು ಬಿಟ್ಟು ಪದಪಟ್ಟಿಯನ್ನಷ್ಟೇ ಮಾಡಿದರೆ ಕನ್ನಡಿಗರ ಅಪನಂಬಿಕೆಯ ದೊಡ್ಡ ಪಾಲು ಲೆಕ್ಕದಿಂದ ಹೊರಗುಳಿಯುತ್ತದೆ.

ಬಗೆಗಳು

ಅನುಮಾನ ಗುಂಪಿನ ಅತ್ಯಂತ ವ್ಯಾಪಕ ಪದ. ಹಾಸನ ಸೀಮೆಯ ಉಚ್ಚಾರಣೆಯಲ್ಲಿ ‘ಅನ್ಮಾನ’. ಯಾವುದೋ ಗುರುತು ಕಂಡು ಹುಟ್ಟುವುದು ಇದರ ಲಕ್ಷಣ. ಕಾರಣ ಕೇಳಿದರೆ ಅನುಮಾನ ಪಟ್ಟವನು ಏನಾದರೂ ಒಂದು ಹೇಳಬಲ್ಲ. ಹುಟ್ಟುವುದು, ಬಲವಾಗುವುದು, ನಿಜವಾಗುವುದು, ಪರಿಹಾರವಾಗುವುದು ಎಂಬ ಕ್ರಿಯಾಪದಗಳೆಲ್ಲ ಇದಕ್ಕೆ ಹೊಂದುತ್ತವೆ. ಅತಿಯಾದಾಗ ‘ಅನುಮಾನದ ಪ್ರಾಣಿ’ ಎಂಬ ಬೈಗುಳವಾಗುತ್ತದೆ.

ಸಂದೇಹ ಗುಂಪಿನಲ್ಲೇ ಸೌಮ್ಯವಾದದ್ದು. ಇದರಲ್ಲಿ ಯಾರನ್ನೂ ದೂರುವ ಭಾವವಿಲ್ಲ, ತಿಳಿಯದಿರುವುದನ್ನು ತಿಳಿಯಬೇಕೆಂಬ ಬಯಕೆಯಿದೆ. ಸಂದೇಹ ನಿವಾರಣೆ, ನಿಸ್ಸಂದೇಹವಾಗಿ ಎಂಬ ಬಳಕೆಗಳು ಇದನ್ನು ತೋರುತ್ತವೆ. ಹಿರಿಯರ, ಗುರುಗಳ ಮುಂದೆ ಆಡಬಹುದಾದ ಪದ ಇದೊಂದೇ ಎನ್ನಬಹುದು. ‘ನಿಮ್ಮ ಮಾತಿನಲ್ಲಿ ಒಂದು ಸಂದೇಹ’ ಎಂದು ಕೇಳಿದರೆ ವಿನಯ; ಅದೇ ಜಾಗದಲ್ಲಿ ‘ಅನುಮಾನ’ ಇಟ್ಟರೆ ಮಾತಿಗೆ ಮಾತು ಬೆಳೆಯುತ್ತದೆ.

ಸಂಶಯ ತೂಗಾಟದ ಪದ. ನಿರ್ಧಾರಕ್ಕೆ ಬಾರದ ಮನಸ್ಸು ಇಲ್ಲಿ ಮುಖ್ಯ. ಆದರೆ ಅದು ಸ್ವಭಾವವಾದಾಗ ಗುಂಪಿನ ಅತಿ ತೀವ್ರ ಪದವೂ ಇದೇ ಆಗುತ್ತದೆ. ‘ಸಂಶಯ ಪಿಶಾಚಿ’ ಎಂಬ ರೂಢಿಯ ಮಾತು ಬಿಟ್ಟೂಬಿಡದೆ ಕಾಡುವ ಸಂಶಯವನ್ನು ಹೇಳುತ್ತದೆ. ಮನೋವೈದ್ಯಕೀಯದ ಜನಪ್ರಿಯ ಬರಹಗಳಲ್ಲಿ ಬರುವ ‘ಸಂಶಯ ರೋಗ’, ‘ಅನುಮಾನದ ಕಾಯಿಲೆ’ ಎಂಬ ಹೆಸರುಗಳು ಆಧಾರವಿಲ್ಲದ, ಸಾಕ್ಷಿ ಕೊಟ್ಟರೂ ಅಳಿಯದ ನಂಬಿಕೆಯನ್ನು ಕುರಿತವು. ಆ ಶಾಸ್ತ್ರದ ಪರಿಭಾಷೆಯಲ್ಲಿ ಅದು ಸಂಶಯವಲ್ಲ, ಭ್ರಮೆ. ರೋಗಿಗೆ ಅಲ್ಲಿ ತೂಗಾಟವೇ ಇರುವುದಿಲ್ಲ. ಜೈನ ತರ್ಕದ ಲೆಕ್ಕದಲ್ಲಿ ಅದು ವಿಪರ್ಯಯಕ್ಕೆ ಸೇರಬೇಕಾದದ್ದು.

ಶಂಕೆ ಪತ್ರಿಕೆ ಮತ್ತು ಸರ್ಕಾರಿ ಕಡತದ ಪದ. ಕೆಡುಕಿನ ನಿರೀಕ್ಷೆ ಇದರಲ್ಲಿ ಅಡಗಿದೆ. ಒಳ್ಳೆಯದು ನಡೆದಿರಬಹುದೆಂದು ಯಾರೂ ಶಂಕಿಸುವುದಿಲ್ಲ. ಶಂಕಿತ ಉಗ್ರ, ಶಂಕಿತ ಡೆಂಗಿ ಪ್ರಕರಣ, ವಿಷಪ್ರಾಶನದ ಶಂಕೆ ಮೊದಲಾದವು ನಿತ್ಯದ ಬಳಕೆಗಳು. ‘ಶೀಲ ಶಂಕಿಸಿ’ ಎಂಬ ಪತ್ರಿಕಾ ಪದಗುಚ್ಛ ಹೆಂಡತಿಯ ಮೇಲಿನ ಗಂಡನ ಅನುಮಾನಕ್ಕೆ ಸೀಮಿತವಾಗಿಬಿಟ್ಟಿದೆ, ಗಂಡನ ಶೀಲವನ್ನು ಶಂಕಿಸಿದ ಸುದ್ದಿಗೆ ಈ ಗುಚ್ಛ ಬಳಕೆಯಾಗುವುದು ಅಪರೂಪ. ಲಘುಶಂಕೆ, ದೀರ್ಘಶಂಕೆ ಎಂಬ ಸಭ್ಯೋಕ್ತಿಗಳಿಗೂ ಅಪನಂಬಿಕೆಗೂ ನಂಟಿಲ್ಲ.

ಗುಮಾನಿ ಅರೆಬೆಂದ ಅನುಮಾನ. ಆಧಾರ ತೋರಿಸಲಾಗದು, ಆದರೂ ಮನಸ್ಸು ಒಪ್ಪದು. ‘ಅವನ ಮೇಲೆ ನಂಗೆ ಮೊದ್ಲಿಂದ್ಲೂ ಗುಮಾನಿ ಇತ್ತು’ ಎಂಬ ಮಾತು ಸಾಮಾನ್ಯವಾಗಿ ಕೆಲಸ ಕೆಟ್ಟ ಮೇಲೆ ಕೇಳಿಬರುತ್ತದೆ.

ಅಪನಂಬಿಕೆ ಮೇಲಿನ ಎಲ್ಲಕ್ಕಿಂತ ಭಿನ್ನ, ಏಕೆಂದರೆ ಅದರಲ್ಲಿ ಅನಿಶ್ಚಯವಿಲ್ಲ. ಅನುಮಾನವುಳ್ಳವನು ಇನ್ನೂ ಪರೀಕ್ಷಿಸುತ್ತಿರುತ್ತಾನೆ; ಅಪನಂಬಿಕೆಯವನು ಪರೀಕ್ಷೆ ಮುಗಿಸಿ ಒಂದು ತೀರ್ಮಾನಕ್ಕೆ ಬಂದಿರುತ್ತಾನೆ. ಅದು ಅನುಭವದಿಂದ ಬೆಳೆಯುತ್ತದೆ, ಎರಡು ಊರು, ಎರಡು ಸಮುದಾಯಗಳ ನಡುವೆಯೂ ಇರಬಲ್ಲದು, ತಲೆಮಾರು ದಾಟಬಲ್ಲದು. ಈ ಕಾರಣಕ್ಕೆ ಸಮಾಜಶಾಸ್ತ್ರದ ಬರಹಗಳಿಗೆ ಒಗ್ಗಿದ ಪದ ಇದು.

ಎಚ್ಚರ, ಜಾಗ್ರತೆ, ಹುಷಾರು ಇವು ಗುಂಪಿನ ಗಡಿಯಲ್ಲಿವೆ. ಇವು ಯಾರನ್ನೂ ದೂಷಿಸದೆ ತನ್ನನ್ನು ತಾನು ಕಾಯುವ ಮಾತುಗಳು.

ಇಂಗ್ಲಿಷ್ ಪದಗಳೊಂದಿಗೆ ಹೋಲಿಕೆ

ಇಂಗ್ಲಿಷಿನಲ್ಲೂ ಈ ಕ್ಷೇತ್ರ ಕಿಕ್ಕಿರಿದಿದೆ. ಸಸ್ಪಿಷನ್ ಪದದ ಲ್ಯಾಟಿನ್ ಮೂಲಕ್ಕೆ ಕೆಳಗಿನಿಂದ ಕಣ್ಣೆತ್ತಿ ನೋಡು ಎಂಬರ್ಥವಿದೆ. ಕನ್ನಡದ ಅನುಮಾನ, ಶಂಕೆ ಎರಡೂ ಸೇರಿ ಅದರ ವ್ಯಾಪ್ತಿಯನ್ನು ತುಂಬುತ್ತವೆ. ಡಿಸ್‌ಟ್ರಸ್ಟ್ ಮತ್ತು ಮಿಸ್‌ಟ್ರಸ್ಟ್‌ಗಳನ್ನು ಇಂಗ್ಲಿಷರೇ ಎಷ್ಟೋ ಸಲ ಒಂದಾಗಿ ಬಳಸುತ್ತಾರಾದರೂ, ಮೊದಲನೆಯದು ಅನುಭವದಿಂದ ಬಂದ ಗಟ್ಟಿ ನಿಲುವು, ಎರಡನೆಯದು ಕಾರಣ ಹೇಳಲಾಗದ ಅಳುಕು ಎಂಬ ಭೇದವನ್ನು ಬಳಕೆಯ ಕೈಪಿಡಿಗಳು ಮಾಡುತ್ತವೆ. ಆ ಭೇದ ಕನ್ನಡದ ಅಪನಂಬಿಕೆ–ಗುಮಾನಿಗಳ ನಡುವೆ ಇನ್ನೂ ಸ್ಪಷ್ಟವಾಗಿದೆ. ವೇರಿ (wary) ಎಂಬುದಕ್ಕೆ ಹುಷಾರು ನೇರವಾಗಿ ಹೊಂದುತ್ತದೆ.

ಕನ್ನಡಕ್ಕೆ ಹೊಸದಾಗಿ ಬೇಕಾದದ್ದು ಸ್ಕೆಪ್ಟಿಸಿಸಂ ಮತ್ತು ಸಿನಿಸಿಸಂಗಳಿಗೆ ಪದ. ಮೊದಲನೆಯದರ ಗ್ರೀಕ್ ಮೂಲಕ್ಕೆ ವಿಚಾರಿಸುವವನು ಎಂಬರ್ಥ. ಕ್ರಿ.ಪೂ. 4ನೇ ಶತಮಾನದ ಪಿರೋ ಈ ಪಂಥದ ಆದ್ಯನೆನಿಸಿದ್ದಾನೆ. ಇಂದಿನ ಅರ್ಥದಲ್ಲಿ ಆಧಾರ ಕೊಟ್ಟರೆ ಒಪ್ಪಲು ಸಿದ್ಧವಿರುವ ಈ ನಿಲುವಿಗೆ ಕನ್ನಡ ‘ಸಂದೇಹವಾದ’ ಎಂಬ ಪದ ಮಾಡಿಕೊಂಡಿತು. ದೂರುವ ಭಾವವಿಲ್ಲದ ‘ಸಂದೇಹ’ವನ್ನು ಆರಿಸಿದ್ದು ಸರಿಯಾದ ಆಯ್ಕೆ. ಕರ್ನಾಟಕದಲ್ಲಿ ಈ ನಿಲುವಿಗೆ ಸಾರ್ವಜನಿಕ ರೂಪ ಕೊಟ್ಟವರಲ್ಲಿ ಎಚ್. ನರಸಿಂಹಯ್ಯ (1920–2005) ಪ್ರಮುಖರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಅವರು 1976ರಲ್ಲಿ ಸಮಿತಿ ರಚಿಸಿದ್ದರು.

ಸಿನಿಕ ಎಂಬುದರ ಗ್ರೀಕ್ ಮೂಲಕ್ಕೆ ನಾಯಿಯಂಥವನು ಎಂಬರ್ಥ. ಡಯೋಜನೀಸ್ ಆ ಪಂಥದ ಪ್ರಸಿದ್ಧ ಹೆಸರು. ಇಂದಿನ ಅರ್ಥದಲ್ಲಿ ಸಿನಿಕನು ಮಾತಿನ ನಿಜವನ್ನು ಶಂಕಿಸುವುದಕ್ಕಿಂತ ಹೆಚ್ಚಾಗಿ ಮಾಡಿದವನ ಉದ್ದೇಶವನ್ನು ಶಂಕಿಸುತ್ತಾನೆ. ಇದಕ್ಕೆ ಕನ್ನಡ ಅನುವಾದ ಹುಡುಕುವ ಗೋಜಿಗೆ ಹೋಗದೆ ‘ಸಿನಿಕ’, ‘ಸಿನಿಕತನ’ ಎಂದು ಪದವನ್ನೇ ಇಟ್ಟುಕೊಂಡಿತು. ಹಳ್ಳಿಯ ಮಾತಿನಲ್ಲಿ ಈ ಭಾವ ಪದವಾಗಿ ಇಲ್ಲದಿದ್ದರೂ ವಾಕ್ಯವಾಗಿ ಇದೆ: ‘ಕಂಡಿದೀನಿ ಬಿಡು, ಎಲ್ಲ ಅಷ್ಟೇ.’

ಡೌಟು ವಿಚಿತ್ರ ಪದ. ‘ಸಾರ್, ಒಂದ್ ಡೌಟು’ ಎನ್ನುವ ವಿದ್ಯಾರ್ಥಿಗೆ ಮೇಷ್ಟರ ಮೇಲೆ ಅಪನಂಬಿಕೆಯೇನಿಲ್ಲ, ಅವನು ಪ್ರಶ್ನೆ ಕೇಳುತ್ತಿದ್ದಾನೆ. ಇಲ್ಲಿ ಇಂಗ್ಲಿಷ್ ಪದದ ಮೈಯಲ್ಲಿ ಕನ್ನಡದ ಸಂದೇಹ ಹೊಕ್ಕಿದೆ. ಅದೇ ಪದ ‘ಅವ್ನ್ ಮೇಲೆ ಡೌಟು’ ಎಂದಾಗ ಗುಮಾನಿಯಾಗುತ್ತದೆ, ‘ನಾಳೆ ಬರೋದು ಡೌಟು’ ಎಂದಾಗ ಸಂಶಯವಾಗುತ್ತದೆ.

ವ್ಯಾಪಾರದಲ್ಲಿ ಬಳಕೆ

ಹಾಸನ ಸೀಮೆಯ ವ್ಯಾಪಾರದಲ್ಲಿ ಅಪನಂಬಿಕೆಯನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಪರೀಕ್ಷೆಯ ಕ್ರಮಗಳಲ್ಲಿ ತೋರಿಸುವುದೇ ಹೆಚ್ಚು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ರಂಗನಾಥಸ್ವಾಮಿ ಜಾತ್ರೆ ದನಗಳ ವ್ಯಾಪಾರಕ್ಕೆ ಹೆಸರಾದದ್ದು. ಹಳ್ಳಿಕಾರ್ ತಳಿಯ ಜೋಡಿಗಳಿಗೆ ಅಲ್ಲಿ ಬೇಡಿಕೆ. ಕೊಳ್ಳುವವನು ಮಾರುವವನ ಮಾತು ಕೇಳಿ ವಯಸ್ಸು ಒಪ್ಪುವುದಿಲ್ಲ. ಹೋರಿಯ ಮೂಗು ಹಿಡಿದು ಕೆಳದುಟಿ ಮಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೇ ಇದ್ದರೆ ‘ಹಲ್ಲಾಗಿಲ್ಲ’. ಆಮೇಲೆ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ‘ಬಾಯಿಗೂಡಿದೆ’. ನಂತರ ಮೈಮೇಲಿನ ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಬೆಲೆ ಮಾತ್ರ ಟವಲಿನ ಮರೆಯಲ್ಲಿ ಬೆರಳು ಹಿಡಿದು ಕುದುರುತ್ತದೆ, ಸುತ್ತ ನಿಂತವರಿಗೆ ತಿಳಿಯದಂತೆ. ‘ಯಾಕೋ ಅನ್ಮಾನ ಕಣಣ್ಣ, ಇನ್ನೊಂದ್ಸಲಿ ಹಲ್ಲು ತೋರ್ಸು’ ಎಂದರೆ ಮಾರುವವನು ಸಿಟ್ಟಾಗುವುದಿಲ್ಲ. ಈ ಅನುಮಾನ ವ್ಯಾಪಾರದ ಭಾಗವೇ ಹೊರತು ವೈಯಕ್ತಿಕ ದೂರಲ್ಲ.

ಹಾಲಿನ ಡೇರಿಯಲ್ಲಿ ಪರಿಸ್ಥಿತಿ ನಾಜೂಕು. ಊರಿನ ಸಹಕಾರ ಸಂಘಕ್ಕೆ ದಿನಕ್ಕೆ ಎರಡು ಹೊತ್ತು ಹಾಲು ಹಾಕುವಾಗ ಕ್ಯಾನಿನ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೋಡುವ ಪದ್ಧತಿ ಬೆಳೆದು, ಈಗ ಕೊಬ್ಬು ಮತ್ತು ಇತರ ಘನಾಂಶ ಅಳೆಯುವ ಯಂತ್ರಗಳು ಬಂದಿವೆ. ನೀರು ಬೆರೆತಿದೆ ಎಂದು ಊರಿನವರ ಮುಖಕ್ಕೆ ಹೇಳುವ ಬದಲು ‘ಡಿಗ್ರಿ ಬಂದಿಲ್ಲ’ ಎನ್ನುತ್ತಾರೆ. ಅಪನಂಬಿಕೆಯ ಮಾತನ್ನು ಉಪಕರಣದ ಬಾಯಲ್ಲಿ ಆಡಿಸುವ ಈ ಸಭ್ಯೋಕ್ತಿಗೆ ಹಾಲು ತಂದವರ ಉತ್ತರ ಸಾಮಾನ್ಯವಾಗಿ ಆಣೆ: ‘ದೇವ್ರಾಣೆ, ಒಂದ್ ತೊಟ್ಟು ನೀರು ಸೋಕಿಸಿಲ್ಲ.’

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಅಲ್ಲಿ ದರ್ಜೆ ಕಟ್ಟುವವರು, ಕೂಗುವವರು, ಕೊಳ್ಳುವ ಕಂಪನಿಗಳು ಎಲ್ಲ ಬೇರೆಬೇರೆ. ಯಾರೂ ಬೆಲೆ ಕೂಗದ ಹೊಗೆಸೊಪ್ಪಿನ ಬೇಲ್‌ಗೆ ‘ನೋ ಬಿಡ್’ ಎಂಬ ಮಾತಿದೆ. ಕಂಪನಿಗಳು ಒಳಗೊಳಗೇ ಮಾತಾಡಿಕೊಂಡಿವೆ ಎಂಬ ಬೆಳೆಗಾರರ ದೂರು ಅನುಮಾನದ ಹಂತ ದಾಟಿದ್ದು; ಅದನ್ನು ಅಪನಂಬಿಕೆ ಎನ್ನುವುದೇ ಸರಿ. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೆ ಬಿತ್ತನೆಗೆಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಮೂಟೆ ಬಿಚ್ಚಿ ಕೊಯ್ದು ನೋಡಿದರೂ ಗೆಡ್ಡೆಯೊಳಗಿನ ರೋಗ ಕಾಣದಿರಬಹುದು. ಅಂಗಮಾರಿ ಬಿದ್ದ ಮೇಲೆಯೇ ಬಿತ್ತನೆಯ ಮೇಲಿನ ಗುಮಾನಿ ಮಾತಾಗುತ್ತದೆ.

ನ್ಯಾಯಾಲಯ ಮತ್ತು ಪೊಲೀಸ್ ಬಳಕೆ

ಕಾನೂನಿನ ಕನ್ನಡದಲ್ಲಿ ಪದಗಳ ಗಡಿ ಬಿಗಿಯಾಗಿದೆ. ತನಿಖೆಯಲ್ಲಿ ಹೆಸರು ಕೇಳಿಬಂದವನು ಶಂಕಿತ, ದೋಷಾರೋಪ ಹೊತ್ತವನು ಆರೋಪಿ, ಶಿಕ್ಷೆಯಾದವನು ಅಪರಾಧಿ. ಕಾರಣ ತಿಳಿಯದ ಸಾವು ‘ಅನುಮಾನಾಸ್ಪದ ಸಾವು’. ಇದರ ವಿಚಾರಣೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ನಡೆಯುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅದರ ಜಾಗದಲ್ಲಿದೆ. ಆರೋಪ ಸಾಬೀತಾಗಬೇಕಾದದ್ದು ‘ಸಂಶಯಾತೀತವಾಗಿ’. ಆಗದಿದ್ದರೆ ‘ಸಂಶಯದ ಲಾಭ’ ಆರೋಪಿಗೆ. ಇಲ್ಲಿ ಅನುಮಾನದ ಲಾಭ ಎನ್ನುವುದಿಲ್ಲ. ಅನುಮಾನ ಪೊಲೀಸರದು, ಸಂಶಯ ನ್ಯಾಯಾಧೀಶರದು ಎಂಬಂತೆ ಕೆಲಸ ಹಂಚಿಕೆಯಾಗಿದೆ. ನ್ಯಾಯಾಧೀಶರ ಮುಂದೆ ಎರಡು ಪಕ್ಷಗಳಿರುವುದರಿಂದ ಹಳೆಯ ತರ್ಕಶಾಸ್ತ್ರಕ್ಕೂ ಇದು ಒಪ್ಪುತ್ತದೆ.

ಒಪ್ಪಿಸಿದ ಆಸ್ತಿಯನ್ನು ಕಬಳಿಸುವ ಅಪರಾಧದ ಹೆಸರು ನಂಬಿಕೆ ದ್ರೋಹ. ಇದು ಭಾರತೀಯ ದಂಡ ಸಂಹಿತೆಯ 406ನೇ ಕಲಮಿನಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿಗೆ ಬಂದಿದೆ. ವಂಚನೆಯ 420ನೇ ಕಲಂ ಈಗ 318 ಆಗಿದ್ದರೂ, ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎನ್ನುವುದನ್ನು ಜನ ಬಿಟ್ಟಿಲ್ಲ.

ಶಾಸನಸಭೆಯಲ್ಲಿ ಬಳಕೆ

ಅವಿಶ್ವಾಸ ಪದ ಜೀವಂತವಾಗಿರುವುದು ರಾಜಕೀಯದಿಂದ. ಸರ್ಕಾರದ ಮೇಲೆ ವಿರೋಧಪಕ್ಷ ತರುವುದು ಅವಿಶ್ವಾಸ ನಿರ್ಣಯ. ಲೋಕಸಭೆಯಲ್ಲಿ ಅದು 198ನೇ ನಿಯಮದಡಿ ಬರುತ್ತದೆ, 50 ಸದಸ್ಯರ ಬೆಂಬಲ ಬೇಕು. ಸರ್ಕಾರವೇ ತಾನಾಗಿ ಕೋರುವುದು ವಿಶ್ವಾಸಮತ. ಗ್ರಾಮ ಪಂಚಾಯಿತಿ ಅಧ್ಯಕ್ಷರ ವಿರುದ್ಧದ ಅವಿಶ್ವಾಸ ಗೊತ್ತುವಳಿಯಿಂದಾಗಿ ಈ ಪದ ಹಳ್ಳಿಕಟ್ಟೆಗೂ ಇಳಿದಿದೆ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆ ಪ್ರವೇಶಿಸಿ, 1996ರ ಜೂನ್ 1ರಂದು ಪ್ರಧಾನಿಯಾದರು. ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡ ಮೇಲೆ 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ಅವರು ಕೋರಿದ ವಿಶ್ವಾಸಮತಕ್ಕೆ ಪರವಾಗಿ 158, ವಿರುದ್ಧವಾಗಿ 292 ಮತಗಳು ಬಂದವು. ಅವರ ಮಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ 2019ರ ಜುಲೈ 23ರಂದು ವಿಧಾನಸಭೆಯಲ್ಲಿ 99–105ರಿಂದ ವಿಶ್ವಾಸಮತ ಸೋತರು. ಎರಡೂ ಸಂದರ್ಭಗಳಲ್ಲಿ ಮಂಡನೆಯಾದದ್ದು ವಿಶ್ವಾಸದ ನಿರ್ಣಯ; ಇವನ್ನು ಅವಿಶ್ವಾಸ ನಿರ್ಣಯಗಳೆಂದು ಬರೆಯುವುದು ಪಾರಿಭಾಷಿಕವಾಗಿ ತಪ್ಪು. ಇದೇ ರಾಜಕಾರಣ ಹಳೆಯದೊಂದು ಪದವನ್ನೂ ಚಾಲ್ತಿಗೆ ತಂದಿತು: 2007ರ ಅಕ್ಟೋಬರ್‌ನಲ್ಲಿ ಜೆಡಿಎಸ್ ಒಪ್ಪಂದದಂತೆ ಬಿಜೆಪಿಗೆ ಅಧಿಕಾರ ಹಸ್ತಾಂತರಿಸದಿದ್ದಾಗ ಬಿಜೆಪಿ ಬಳಸಿದ ‘ವಚನಭ್ರಷ್ಟ’ 2008ರ ಚುನಾವಣೆಯ ಪ್ರಚಾರದಲ್ಲಿ ಮನೆಮಾತಾಯಿತು.

ಸಾಹಿತ್ಯ, ಗಾದೆ, ನುಡಿಗಟ್ಟು

ಅನುಮಾನವನ್ನೇ ವಸ್ತುವಾಗಿಸಿದ ಷೇಕ್ಸ್‌ಪಿಯರನ ಒಥೆಲೊ ನಾಟಕವನ್ನು ಮೈಸೂರು ಆಸ್ಥಾನದ ಬಸವಪ್ಪ ಶಾಸ್ತ್ರಿಗಳು (1843–1891) ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ಒಗ್ಗಿಸಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೆಶಿವರದಲ್ಲಿ ಹುಟ್ಟಿ, ತತ್ತ್ವಶಾಸ್ತ್ರ ಮತ್ತು ತರ್ಕಶಾಸ್ತ್ರದ ಅಧ್ಯಾಪಕರಾಗಿದ್ದ ಎಸ್.ಎಲ್. ಭೈರಪ್ಪ (1931–2025) ಅವರ ‘ಸಾಕ್ಷಿ’ (1986) ಕಾದಂಬರಿ ಸತ್ಯ ಮತ್ತು ಸುಳ್ಳಿನ ಬೇರುಗಳನ್ನು ಶೋಧಿಸುತ್ತದೆ.

ಗಾದೆಗಳು ಎರಡು ದಿಕ್ಕಿನಿಂದ ಮಾತಾಡುತ್ತವೆ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬುದು ನಂಬುವವನಿಗೆ ಎಚ್ಚರ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’, ‘ಕಳ್ಳನ ಮನಸ್ಸು ಹುಳ್ಳಗೆ’ ಎಂಬುವು ಶಂಕೆಗೆ ಗುರಿಯಾದವನ ಒಳಗನ್ನು ತೋರುತ್ತವೆ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ’ ಎಂಬುದು ಅನುಮಾನಿಸಬೇಕಾದಲ್ಲಿ ಅನುಮಾನಿಸದವನ ಗೇಲಿ. ನುಡಿಗಟ್ಟುಗಳಲ್ಲಿ ಅನುಮಾನ ಹುಟ್ಟಿಸುವುದು ತಲೆಗೆ ಹುಳ ಬಿಡುವುದು, ಚಾಡಿ ಹೇಳುವುದು ಕಿವಿ ಊದುವುದು, ಗುಟ್ಟು ತಿಳಿಯುವುದು ವಾಸನೆ ಹತ್ತುವುದು. ಮೋಸ ಹೋದ ಮೇಲಿನ ಮಾತುಗಳಂತೂ ಲೆಕ್ಕವಿಲ್ಲ: ಕೈ ಕೊಟ್ಟ, ಟೋಪಿ ಹಾಕಿದ, ಉಂಡೆನಾಮ ತೀಡಿದ.

ಇಂದಿನ ಸ್ಥಿತಿ

ಗುಂಪಿನ ಪದಗಳಲ್ಲಿ ಹೆಚ್ಚು ಜಾಗ ಕಳೆದುಕೊಂಡಿರುವುದು ಗುಮಾನಿ. ಹಿರಿಯರ ಮಾತಿನಲ್ಲಿ ಅದು ಉಳಿದಿದ್ದರೂ ಕಾಲೇಜು ಹುಡುಗರ ಬಾಯಲ್ಲಿ ಆ ಸ್ಥಾನವನ್ನು ಡೌಟು ಹಿಡಿದಿದೆ. ಸಂಶಯ ಬರಹಕ್ಕೆ, ಕೋರ್ಟಿಗೆ ಸರಿಯುತ್ತಿದೆ. ಶಂಕೆ ದೃಶ್ಯಮಾಧ್ಯಮದ ಶೀರ್ಷಿಕೆಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಬಳಕೆಯಾಗಿ ಸವೆದಿದೆ. ಖಚಿತಪಡಿಸಿಕೊಳ್ಳದ ಸುದ್ದಿಗೂ ‘ಶಂಕೆ’ ಸೇರಿಸಿದರೆ ಹೊಣೆ ತಪ್ಪುತ್ತದೆ ಎಂಬ ಲೆಕ್ಕ ಅಲ್ಲಿ ಕಾಣುತ್ತದೆ. ಆ ಕೆಲಸವನ್ನು ಆಡುಮಾತಿನಲ್ಲಿ ‘ಅಂತೆ’ ಮೊದಲಿನಿಂದಲೂ ಮಾಡುತ್ತಿತ್ತು.

ಮೊಬೈಲ್ ಫೋನಿನ ವಂಚನೆಗಳು ಅನುಮಾನಕ್ಕೆ ಹೊಸ ಕ್ಷೇತ್ರ ತೆರೆದಿವೆ. ಬ್ಯಾಂಕಿನವರ ಸೋಗಿನಲ್ಲಿ ಒಟಿಪಿ ಕೇಳುವ ಕರೆ, ಪೊಲೀಸ್ ವೇಷದ ‘ಡಿಜಿಟಲ್ ಅರೆಸ್ಟ್’, ಅಪರಿಚಿತ ಲಿಂಕ್ ಇವುಗಳ ಬಗ್ಗೆ ಬರುವ ಪ್ರಕಟಣೆಗಳಲ್ಲಿ ‘ಅನುಮಾನಾಸ್ಪದ ಕರೆ’, ‘ಸುಳ್ಳು ಸುದ್ದಿ’ ಎಂಬ ಪದಗುಚ್ಛಗಳು ನೆಲೆಯೂರಿವೆ.

ನಿಘಂಟುಗಳಲ್ಲಿ 1894ರ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಈ ಪದಗಳ ಚರಿತ್ರೆಗೆ ಮುಖ್ಯ ಆಕರಗಳು. ಇಂಗ್ಲಿಷ್–ಕನ್ನಡ ನಿಘಂಟುಗಳು ಸಸ್ಪಿಷನ್‌ಗೆ ಅನುಮಾನ, ಸಂಶಯ, ಸಂದೇಹ, ಶಂಕೆ ಎಂದು ಸಾಲಾಗಿ ಕೊಟ್ಟು ನಿಲ್ಲುತ್ತವೆ. ಯಾವುದು ‘ಮೇಲೆ’ಗೆ, ಯಾವುದು ‘ಬಗ್ಗೆ’ಗೆ ಒಗ್ಗುತ್ತದೆ ಎಂಬ ಬಳಕೆಯ ವಾಕ್ಯಗಳನ್ನು ಸೇರಿಸದ ಹೊರತು ಭಾಷಾಂತರಕಾರನಿಗೂ ಹೊಸದಾಗಿ ಕನ್ನಡ ಕಲಿಯುವವನಿಗೂ ಆ ಸಾಲು ಉಪಯೋಗಕ್ಕೆ ಬಾರದು.